ಮೂರು ಪ್ಲಗ್ಗು, ನಾಲ್ಕು ವೈರು

ಕಳೆದ ವರ್ಷ ಆಷಾಢದ ಒಂದು ಭಾನುವಾರ ಸಂಜೆ ದೇವರಾಯನದುರ್ಗದ ಏರಿನಲ್ಲಿ ನಮ್ಮ ಕಾರು ಮುಗ್ಗರಿಸಿತು. ತುಮಕೂರಿನಿಂದ ನಾಮದ ಚಿಲುಮೆಯವರೆಗೆ ಯಾವ ತಕರಾರೂ ಇಲ್ಲದೆ ಬಂದ ಗಾಡಿ, ಬೆಟ್ಟದ ತಿರುವುಗಳು ಎದುರಾಗಿ ನಾನು ಎರಡನೆಯ ಗೇರಿಗೆ ಇಳಿಸಿ ಆಕ್ಸಿಲರೇಟರ್ ಒತ್ತಿದ ಕೂಡಲೇ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡ ಎತ್ತಿನ ಹಾಗೆ ಹೆಜ್ಜೆ ತಪ್ಪಿಸುತ್ತ, ಮೈ ಜಗ್ಗುತ್ತ, ಹಿಂದೆ ಕುಳಿತಿದ್ದ ಅತ್ತೆಯವರು ಮುಂದಿನ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಳ್ಳುವಂತೆ ಮಾಡಿತು. ಸಣ್ಣಗೆ ತುಂತುರು ಹನಿಯುತ್ತಿತ್ತು. ಕೆಳಗಿನ ಭೋಗನರಸಿಂಹಸ್ವಾಮಿಯ ದರ್ಶನ ಮಾಡಿಕೊಂಡು, ಮೇಲಿನ ಯೋಗನರಸಿಂಹನಿಗೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಿದೆವು. ಇಳಿಯುವಾಗ ಕಾರು ಏನೂ ಆಗಿಲ್ಲವೆಂಬಂತೆ ಇಳಿಯಿತು. ಏರುವಾಗ ಮಾತ್ರ ಬರುವ, ಒದ್ದೆಯಲ್ಲಿ ಹೆಚ್ಚಾಗುವ ಈ ಕಾಯಿಲೆಯ ಮೂಲ ಎಲ್ಲಿದೆ ಎಂಬುದನ್ನು ಆ ಎರಡು ಲಕ್ಷಣಗಳೇ ಹೇಳುತ್ತಿದ್ದವು. ಅವನ್ನು ಓದುವ ವಿದ್ಯೆ ಮಾತ್ರ ಆಗ ನನಗಿರಲಿಲ್ಲ.

ಕಾರು 1998ರ ಮಾರುತಿ 800, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿ. ತಿಪಟೂರಿನಲ್ಲಿರುವ ನಮ್ಮ ಚಿಕ್ಕಪ್ಪ ಹೊಸದಾಗಿ ಕೊಂಡು ಹದಿಮೂರು ವರ್ಷ ಓಡಿಸಿ, ನನಗೆ ಗುಬ್ಬಿಯ ಶಾಲೆಗೆ ವರ್ಗವಾದಾಗ ಕೊಟ್ಟದ್ದು. ಅಂದಿನಿಂದ ತುಮಕೂರಿನ ಗುಬ್ಬಿ ಗೇಟಿನ ಬಳಿಯಿರುವ ಮನೆಯಿಂದ ಗುಬ್ಬಿಗೆ ಬಿ.ಎಚ್. ರಸ್ತೆಯಲ್ಲಿ ದಿನವೂ ಸುಮಾರು 20 ಕಿಲೋಮೀಟರ್ ಹೋಗಿ, ಅಷ್ಟೇ ದೂರ ಬರುತ್ತೇನೆ. ಕಾರಿನ ಜೊತೆಗೆ ಚಿಕ್ಕಪ್ಪ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನೂ ಕೊಟ್ಟಿದ್ದರು. ಅದರಲ್ಲಿ ಅವರು ಬರೆದ ಪುಟಗಳಲ್ಲಿ ತಾರೀಖು, ಓಡಿದ ಕಿಲೋಮೀಟರ್, ಏನು ಬದಲಾಯಿತು, ಯಾಕೆ ಬದಲಾಯಿತು ಎಂಬುದೆಲ್ಲ ನೀಲಿ ಶಾಯಿಯಲ್ಲಿ ಇದೆ. ‘ಪ್ಲಗ್ 3 ಬದಲು, ಗ್ಯಾಪ್ 0.75’ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಪ್ಲಗ್ ಎಂದರೆ ಇಂಜಿನ್ನಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಗ್ಯಾಪ್ ಎಂದರೆ ಅದರ ತುದಿಯ ಸಂದು, ಮಿಲಿಮೀಟರಿನಲ್ಲಿ. ನಾನು ಬರೆದ ಪುಟಗಳಲ್ಲಿ ಪೆಟ್ರೋಲ್ ಲೆಕ್ಕ ಬಿಟ್ಟರೆ ‘ಸರ್ವೀಸ್ ಆಯಿತು’ ಎಂಬ ಎರಡೇ ಪದಗಳಿದ್ದವು.

ಬೆಟ್ಟದಿಂದ ಬಂದ ಮರುದಿನ ನಾನು ಕಾರನ್ನು ಎಂದಿನ ವರ್ಕ್‌ಶಾಪಿಗೆ ಒಯ್ದೆ. ಎರಡು ತಿಂಗಳ ಹಿಂದಷ್ಟೇ ಅಲ್ಲಿ ಸರ್ವೀಸ್ ಆಗಿತ್ತು. ಬಿಲ್ಲಿನಲ್ಲಿ ಮೂರು ಹೊಸ ಪ್ಲಗ್‌ಗಳ ಹಣವನ್ನೂ ಕೊಟ್ಟಿದ್ದೆ. ‘ಪ್ಲಗ್ ಹೊಸದೇ ಇದೆ, ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಅಂದರೆ ಕಾರ್ಬ್ಯುರೇಟರ್ ಇಳಿಸಬೇಕು, ಅದರಲ್ಲಿ ಸರಿಹೋಗದಿದ್ದರೆ ಇಂಜಿನ್ ನೋಡಬೇಕು’ ಎಂದು ಹೇಳಿ 6,500 ರೂಪಾಯಿಯ ಅಂದಾಜು ಕೊಟ್ಟರು. ಯಾರೂ ಬಾನೆಟ್ ಎತ್ತಲಿಲ್ಲ. ನಾನು ‘ನಾಳೆ ಹೇಳುತ್ತೇನೆ’ ಎಂದು ಬಂದು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಪ್ಲಗ್ಗು ಹೊಸದು ಅಂತ ಅವರು ಹೇಳಿದ್ದು ಸರಿ ಪುಟ್ಟೀ, ನೀನು ಬಿಚ್ಚಿ ನೋಡಿದ್ದೀಯಾ?’ ನೋಡಿರಲಿಲ್ಲ. ಹದಿಮೂರು ವರ್ಷ ಅದೇ ಕಾರನ್ನು ಓಡಿಸಿಯೂ ಪ್ಲಗ್ ಎಲ್ಲಿದೆ ಎಂಬುದನ್ನು ನಾನು ನೋಡಿರಲಿಲ್ಲ. ‘ಹಂಗಾದ್ರೆ ಮೊದಲು ರಾತ್ರಿ ಹೊತ್ತು ಕತ್ತಲಲ್ಲಿ ಬಾನೆಟ್ ಎತ್ತಿ ನೋಡು, ಆಮೇಲೆ ಬೆಳಿಗ್ಗೆ ಬಿಚ್ಚು’ ಎಂದರು.

ಈ ಕತ್ತಲ ಪರೀಕ್ಷೆ ಏನೆಂದು ತಿಳಿಯಬೇಕಾದರೆ ಕಿಡಿ ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬ್ಯಾಟರಿಯಲ್ಲಿರುವುದು ಬರೀ 12 ವೋಲ್ಟ್. ಆ ಪ್ರವಾಹವು ಇಗ್ನಿಷನ್ ಕಾಯಿಲ್‌ನ ದಪ್ಪ ತಂತಿಯ ಸುರುಳಿಯಲ್ಲಿ ಹರಿಯುತ್ತಿರುವಾಗ ಅದನ್ನು ತಟ್ಟನೆ ಕತ್ತರಿಸಿದರೆ, ಅದೇ ಕಾಯಿಲ್‌ನೊಳಗೆ ಸಾವಿರಾರು ಸುತ್ತುಗಳಿರುವ ಸಣ್ಣ ತಂತಿಯ ಸುರುಳಿಯಲ್ಲಿ 15,000ದಿಂದ 20,000 ವೋಲ್ಟ್‌ವರೆಗಿನ ಒತ್ತಡ ಹುಟ್ಟುತ್ತದೆ. ದ್ವಿತೀಯ ಪಿಯುಸಿಯಲ್ಲಿ ಓದುತ್ತಿರುವ ನನ್ನ ಮಗಳ ಭೌತಶಾಸ್ತ್ರದ ಪುಸ್ತಕದಲ್ಲಿ ಪರಸ್ಪರ ಪ್ರೇರಣೆ ಎಂದು ಕರೆದಿರುವುದು ಇದನ್ನೇ. ಆ ಒತ್ತಡ ಒಂದು ದಪ್ಪ ವೈರಿನ ಮೂಲಕ ಡಿಸ್ಟ್ರಿಬ್ಯೂಟರಿಗೆ ಬರುತ್ತದೆ. ಅಲ್ಲಿ ತಿರುಗುವ ರೋಟರ್ ಅದನ್ನು ಸರದಿಯ ಪ್ರಕಾರ ಮೂರು ವೈರುಗಳಿಗೆ ಹಂಚುತ್ತದೆ. ಪ್ರತಿ ವೈರಿನ ತುದಿಯಲ್ಲಿ ಒಂದು ಪ್ಲಗ್. ಆದ್ದರಿಂದಲೇ ಮೂರು ಪ್ಲಗ್ಗಿಗೆ ನಾಲ್ಕು ವೈರು. ಪ್ಲಗ್ಗಿನ ನಡುವಿನ ಕಡ್ಡಿಗೂ ಅದರ ಮೇಲೆ ಬಾಗಿ ನಿಂತ ಕೊಕ್ಕೆಗೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಸಂದು ಇರುತ್ತದೆ. ವಿದ್ಯುತ್ತು ಆ ಸಂದನ್ನು ಜಿಗಿದಾಗ ಕಿಡಿ ಹಾರಿ, ಒತ್ತಿಟ್ಟ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೊತ್ತಿಕೊಳ್ಳುತ್ತದೆ. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ಪ್ಲಗ್ಗಿನಲ್ಲಿ ಒಂದು ಕಿಡಿ. ನಿಮಿಷಕ್ಕೆ 3,000 ಸುತ್ತಿನ ಲೆಕ್ಕದಲ್ಲಿ, ನಾನು ಮನೆಯಿಂದ ಗುಬ್ಬಿ ತಲುಪುವ ಅರ್ಧ ಗಂಟೆಯೊಳಗೆ ಒಂದೊಂದು ಪ್ಲಗ್ 45,000 ಬಾರಿ ಕಿಡಿ ಹಾರಿಸಿರುತ್ತದೆ.

ಮುಖ್ಯವಾದ ಮಾತು ಮುಂದಿನದು. ಸಂದಿನಲ್ಲಿರುವ ಗಾಳಿ ಹೆಚ್ಚು ಒತ್ತಿಕೊಂಡಷ್ಟೂ ಅದನ್ನು ಜಿಗಿಯಲು ಹೆಚ್ಚು ವೋಲ್ಟ್ ಬೇಕು. ಸಮತಟ್ಟಾದ ರಸ್ತೆಯಲ್ಲಿ ಆಕ್ಸಿಲರೇಟರನ್ನು ಅರೆಬರೆ ಒತ್ತಿರುವಾಗ ಸಿಲಿಂಡರಿನೊಳಗೆ, ಅಂದರೆ ಇಂಜಿನ್ನಿನಲ್ಲಿ ಪೆಟ್ರೋಲ್ ಉರಿಯುವ ಕೊಳವೆಯೊಳಗೆ, ಹೋಗುವ ಗಾಳಿ ಕಡಿಮೆ, ಆದ್ದರಿಂದ ಒತ್ತಡವೂ ಕಡಿಮೆ. ಏರಿನಲ್ಲಿ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬುತ್ತದೆ, ಕಿಡಿಗೆ ಬೇಕಾದ ವೋಲ್ಟ್ ಏರುತ್ತದೆ. ಆಗ ವೈರಿನ ಹೊದಿಕೆಯಲ್ಲಿ ಎಲ್ಲಾದರೂ ಒಂದು ಬಿರುಕಿದ್ದರೆ, ವಿದ್ಯುತ್ತು ಸಂದನ್ನು ಜಿಗಿಯುವ ಕಷ್ಟ ಬಿಟ್ಟು ಆ ಬಿರುಕಿನಿಂದ ಹತ್ತಿರದ ಲೋಹಕ್ಕೆ ಹರಿದುಬಿಡುತ್ತದೆ. ತೇವವಿದ್ದರೆ ಅದರ ದಾರಿ ಇನ್ನೂ ಸುಗಮ. ಕೆರೆಯ ಏರಿಯಲ್ಲಿ ಇಲಿಬಿಲವಿದ್ದರೆ ನೀರು ತೂಬಿನವರೆಗೆ ಹೋಗುವ ಮೊದಲೇ ಅಲ್ಲಿ ಸೋರುತ್ತದಲ್ಲ, ಹಾಗೆ. ಏರಿನಲ್ಲಿ, ತುಂತುರಿನಲ್ಲಿ ನಮ್ಮ ಕಾರು ಕುಂಟಿದ್ದಕ್ಕೆ ಇದಕ್ಕಿಂತ ನೇರವಾದ ಕಾರಣ ಬೇರೆ ಇರಲಿಲ್ಲ. ಕಾರ್ಬ್ಯುರೇಟರಿನ ಮಾತು ಆಮೇಲಿನದು.

ಆ ರಾತ್ರಿ ಒಂಬತ್ತರ ಮೇಲೆ ಕಾಂಪೌಂಡಿನ ದೀಪ ಆರಿಸಿ, ಮಗಳನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ ಎಂದು ಎರಡೆರಡು ಸಲ ನೋಡಿ ಇಂಜಿನ್ ಚಾಲೂ ಮಾಡಿಸಿದೆ. ಸೀರೆಯ ಸೆರಗಾಗಲಿ ದುಪಟ್ಟವಾಗಲಿ ತಿರುಗುವ ಬೆಲ್ಟಿನ ಹತ್ತಿರ ಸುಳಿಯಬಾರದು. ನಾನು ಮಗಳ ಹಳೆಯ ಶರ್ಟನ್ನು ತೊಟ್ಟಿದ್ದೆ. ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಮಂಜು ಬಿದ್ದಷ್ಟು ಮಾತ್ರ ನೀರು ಚಿಮುಕಿಸಿದೆ. ಮೊದಲು ಕೇಳಿಸಿದ್ದು ಸದ್ದು: ಒಣ ಕಡ್ಡಿ ಮುರಿದಂತೆ ಟಿಕ್, ಟಿಕ್, ಟಿಕ್. ಬಳಿಕ ಕಂಡಿತು. ನಡುವಿನ ವೈರು ಇಂಜಿನ್ನಿನ ಮೇಲಿನ ಲೋಹದ ಮುಚ್ಚಳದ, ಅಂದರೆ ಹೆಡ್ ಕವರಿನ, ಅಂಚಿಗೆ ತಾಗುವ ಕಡೆ ದಾರದೆಳೆಯಷ್ಟು ಸಣ್ಣ ನೀಲಿ ಬೆಳಕು ಹುಟ್ಟಿ ಅಳಿಸಿ ಹುಟ್ಟಿ ಅಳಿಸಿ ಕುಣಿಯುತ್ತಿತ್ತು. ಅದು ಹೊಳೆದಾಗಲೆಲ್ಲ ಇಂಜಿನ್ ಒಂದು ಉಸಿರು ತಪ್ಪಿಸುತ್ತಿತ್ತು. ಮಗಳಿಗೆ ಕಾರು ನಿಲ್ಲಿಸಲು ಹೇಳಿ, ತಾನೇ ಬಂದು ನೋಡಲಿ ಎಂದು ಮತ್ತೊಮ್ಮೆ ನಾನು ಸೀಟಿನಲ್ಲಿ ಕುಳಿತೆ. ಇಂಜಿನ್ ಓಡುತ್ತಿರುವಾಗ ಆ ವೈರುಗಳನ್ನು ಕೈಯಿಂದ ಮುಟ್ಟಬಾರದೆಂದು ಮೊದಲೇ ಅವಳಿಗೆ ಎಚ್ಚರಿಕೆ ಹೇಳಿದ್ದೆ. ಓದುವವರಿಗೂ ಅದನ್ನೇ ಹೇಳುತ್ತೇನೆ.

ಮರುದಿನ ಹಗಲಿನಲ್ಲಿ ನೋಡಿದಾಗ ಕಾರಣ ಸಿಕ್ಕಿತು. ಹೆಡ್ ಕವರಿನ ಬದಿಯಲ್ಲಿ ವೈರುಗಳನ್ನು ಒಂದಕ್ಕೊಂದು ತಾಗದಂತೆ, ಲೋಹಕ್ಕೂ ತಾಗದಂತೆ ಎತ್ತಿ ಹಿಡಿಯುವ ಒಂದು ಪ್ಲಾಸ್ಟಿಕ್ ಕ್ಲಿಪ್ ಇರಬೇಕು. ಅದು ಇರಲಿಲ್ಲ; ಕ್ಲಿಪ್ ಕೂರುವ ಜಾಗ ಧೂಳಿಲ್ಲದೆ ಬೋಳಾಗಿ ಕಾಣುತ್ತಿತ್ತು. ಯಾರೋ ವೈರು ಬಿಚ್ಚಿದವರು ಕ್ಲಿಪ್ಪನ್ನು ಮರಳಿ ಹಾಕಿಲ್ಲ. ಎರಡು ತಿಂಗಳ ಕಾಲ ನಡುವಿನ ವೈರು ಅಂಚಿನ ಮೇಲೆ ಮಲಗಿ, ಇಂಜಿನ್ನಿನ ಅದುರಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದಿತ್ತು. ಸವೆದ ಕಡೆ ಸೂಜಿ ಮೊನೆಯಷ್ಟು ಒಂದು ತೂತು, ಸುತ್ತ ಬೂದಿಬಣ್ಣದ ಸುಟ್ಟ ಗುರುತು. ಎರಡು ಮೂರು ರೂಪಾಯಿಯ ಒಂದು ತುಂಡು ಪ್ಲಾಸ್ಟಿಕ್ ಇಲ್ಲದ್ದಕ್ಕೆ ನನಗೆ 6,500 ರೂಪಾಯಿಯ ಅಂದಾಜು ಸಿಕ್ಕಿತ್ತು. ಇದನ್ನು ಬರೆಯುವಾಗ ಇಂದಿಗೂ ನನಗೆ ಸಿಟ್ಟು ಬರುತ್ತದೆ.

ಬಿ.ಎಚ್. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಒಂದು ವೈರು ಕೇಳಿದೆ. ಅಂಗಡಿಯ ಹಿರಿಯರು, ‘ಮೇಡಂ, ಸೆಟ್ಟೇ ತಗೊಳ್ಳಿ. ಒಂದು ಹೋಗಿದೆ ಅಂದ್ರೆ ಮಿಕ್ಕಿದ್ದಕ್ಕೂ ಅಷ್ಟೇ ವಯಸ್ಸಾಗಿದೆ’ ಎಂದರು. ಅದು ವ್ಯಾಪಾರದ ಮಾತಷ್ಟೇ ಆಗಿರಲಿಲ್ಲ, ಸರಿಯಾದ ಮಾತೂ ಆಗಿತ್ತು. ಪ್ಲಗ್ ವೈರಿನೊಳಗೆ ನಾವು ತಿಳಿದಂತೆ ತಾಮ್ರದ ತಂತಿ ಇರುವುದಿಲ್ಲ. ಸಾಮಾನ್ಯವಾಗಿ ಇಂಗಾಲ ಲೇಪಿಸಿದ ನಾರಿನ ಹುರಿ ಇರುತ್ತದೆ. ಬರೀ ತಾಮ್ರವಾದರೆ ಪ್ರತಿ ಕಿಡಿಗೂ ರೇಡಿಯೋದಲ್ಲಿ ಗರಗರ ಸದ್ದು ಬರುತ್ತದೆ, ಅದನ್ನು ತಡೆಯಲು ಬೇಕೆಂದೇ ಇಟ್ಟ ಪ್ರತಿರೋಧ ಅದು. ಇಂಜಿನ್ನಿನ ಕಾವಿಗೆ, ವರ್ಷಗಳ ಬಾಗುವಿಕೆಗೆ ಆ ಹುರಿ ಒಳಗೊಳಗೇ ಮುರಿಯುತ್ತದೆ. ಹೊರಗಿನಿಂದ ವೈರು ಚೆನ್ನಾಗಿಯೇ ಕಾಣುತ್ತದೆ. ಶಾಲೆಯ ಪ್ರಯೋಗಾಲಯದ ಮಲ್ಟಿಮೀಟರ್ ತಂದು ಹಳೆಯ ವೈರುಗಳನ್ನು ಆಮೇಲೆ ಅಳೆದೆ. ಒಂದು 5,000 ಓಮ್, ಇನ್ನೊಂದು 6,000 ಓಮ್ ಆಸುಪಾಸು. ಸ್ವಲ್ಪ ಉದ್ದವಾದದ್ದಕ್ಕೆ ಸ್ವಲ್ಪ ಹೆಚ್ಚು, ಅದು ಸಹಜ. ನಡುವಿನದು ನೇರವಾಗಿದ್ದಾಗ 38,000 ತೋರಿಸಿ, ಬಾಗಿಸಿದರೆ ಅಂಕಿಯೇ ನಿಲ್ಲದೆ ಓಡುತ್ತಿತ್ತು. ಹೊದಿಕೆಯೂ ತೂತು, ಒಳಗಿನ ಹುರಿಯೂ ಮುರುಕು.

ಪ್ಲಗ್ ಕೇಳಿದಾಗ ಅದೇ ಹಿರಿಯರು ‘ಮೈಕೋ ಕೊಡ್ಲಾ?’ ಎಂದರು. ನಮ್ಮ ಕಡೆ ಹಳಬರ ಬಾಯಲ್ಲಿ ಪ್ಲಗ್ ಎಂದರೆ ಇಂದಿಗೂ ಮೈಕೋ. ಬೆಂಗಳೂರಿನ ಆಡುಗೋಡಿಯ ಆ ಕಾರ್ಖಾನೆಯ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾದದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಜರ್ಮನಿಯ ಅದೇ ಬಾಷ್ ಸಂಸ್ಥೆಯಲ್ಲಿ ಗಾಟ್ಲೊಬ್ ಹೊನೊಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ಹುಟ್ಟಿಸುವ ಅಧಿಕ ವೋಲ್ಟಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದ. ಅಲ್ಲಿಂದ ಇಲ್ಲಿಯವರೆಗೆ ಪ್ಲಗ್ಗಿನ ಮೂಲ ಆಕಾರ ಹೆಚ್ಚು ಬದಲಾಗಿಲ್ಲ ಎಂಬುದು ನನಗೆ ಬಹಳ ಹಿಡಿಸುವ ಸಂಗತಿ: ಲೋಹದ ಒಂದು ಮೈ, ಪಿಂಗಾಣಿಯ ಒಂದು ಕೊರಳು, ನಡುವೆ ಒಂದು ಕಡ್ಡಿ, ಎದುರಿಗೊಂದು ಕೊಕ್ಕೆ.

ಕೊಳ್ಳುವಾಗ ಗಮನಿಸಬೇಕಾದದ್ದು ಪ್ಲಗ್ಗಿನ ಮೇಲಿನ ಅಕ್ಷರಗಳನ್ನು. ಚಿಕ್ಕಪ್ಪನ ಪುಸ್ತಕದಲ್ಲಿ ಎನ್‌ಜಿಕೆ ಕಂಪನಿಯ ಬಿಪಿಆರ್5ಇಎಸ್ ಎಂದು ಇತ್ತು, ನಾನು ಅದನ್ನೇ ಕೇಳಿ ಪಡೆದೆ. ಮೊದಲಿನ ಬಿ ಎಂದರೆ 14 ಮಿಲಿಮೀಟರ್ ಮರೆ (ತಿರುಗಿಸಿ ಕೂರಿಸಲು ಸ್ಕ್ರೂವಿನಲ್ಲಿರುವಂಥ ಥ್ರೆಡ್ಡು). ಪಿ ಎಂದರೆ ಪಿಂಗಾಣಿ ಮುಂದೆ ಚಾಚಿದೆ ಎಂದು. ಆರ್ ಎಂದರೆ ಒಳಗೆ ಪ್ರತಿರೋಧವಿದೆ. ಇ ಎಂದರೆ ಮರೆಯ ಉದ್ದ 19 ಮಿಲಿಮೀಟರ್. ನಡುವಿನ 5 ಎಂಬ ಅಂಕಿ ಪ್ಲಗ್ಗಿನ ಉಷ್ಣದ ಅಂಕಿ, ಅಂದರೆ ತನ್ನ ತುದಿಯ ಕಾವನ್ನು ಅದು ಎಷ್ಟು ಬೇಗ ಸಿಲಿಂಡರ್ ಹೆಡ್ಡಿಗೆ ಬಿಟ್ಟುಕೊಡುತ್ತದೆ ಎಂಬುದರ ಲೆಕ್ಕ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ತನ್ನ ಮೇಲೆ ಕಟ್ಟುವ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಸುಮಾರು 850 ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ಅಪಾಯ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ಬಿಸಿ. ಒಂದು ಕಂಪನಿಯ 5ಕ್ಕೆ ಇನ್ನೊಂದರ 5 ಸಮನಲ್ಲ ಎಂಬುದನ್ನು ಅಂಗಡಿಯಲ್ಲಿ ನಿಂತಾಗ ಮರೆಯಬಾರದು. ಮೂರು ಪ್ಲಗ್, ವೈರಿನ ಸೆಟ್ಟು, ಒಂದು ಕ್ಲಿಪ್, ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ ಮುಗಿಯಿತು. ಪ್ಲಗ್ ಬಿಚ್ಚುವ 21 ನಂಬರಿನ ಉದ್ದನೆಯ ಸ್ಪ್ಯಾನರನ್ನೂ ತೆಳ್ಳನೆಯ ಲೋಹದ ಎಲೆಗಳಿಂದ ಸಂದು ಅಳೆಯುವ ಫೀಲರ್ ಗೇಜನ್ನೂ ಚಿಕ್ಕಪ್ಪ ಬಸ್ಸಿನಲ್ಲಿ ಬರುವ ಪರಿಚಯದವರ ಕೈಯಲ್ಲಿ ಕಳಿಸಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ, ಕಾರು ರಾತ್ರಿಯಿಡೀ ನಿಂತು ತಣ್ಣಗಾಗಿದ್ದಾಗ ಕೆಲಸ ಶುರುಮಾಡಿದೆ. ಹೆಡ್ ಅಲ್ಯೂಮಿನಿಯಂನದು, ಬಿಸಿಯಿರುವಾಗ ಉಕ್ಕಿನ ಪ್ಲಗ್ಗನ್ನು ತಿರುಗಿಸಿದರೆ ಮರೆ ಕಿತ್ತು ಬರುವ ಅಪಾಯವಿದೆ, ಮರೆ ಹೋದರೆ ಖರ್ಚು ಪ್ಲಗ್ಗಿನದಲ್ಲ, ಹೆಡ್ಡಿನದು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಪಕ್ಕಕ್ಕಿಟ್ಟೆ. ನಮ್ಮ ರಸ್ತೆಯ ಕೆಂಪು ಧೂಳು ಪ್ಲಗ್ಗಿನ ಬುಡದಲ್ಲಿ ಬೆರಳು ದಪ್ಪ ಕೂತಿತ್ತು. ಪ್ಲಗ್ ಬಿಚ್ಚಿದ ಕ್ಷಣ ಅದು ನೇರವಾಗಿ ಸಿಲಿಂಡರಿಗೆ ಬೀಳುತ್ತದೆ. ಆದ್ದರಿಂದ ಸೈಕಲ್ ಪಂಪಿನಿಂದ ಮೂರೂ ಬುಡಗಳಿಗೆ ಚೆನ್ನಾಗಿ ಗಾಳಿ ಹೊಡೆದೆ. ಈ ಹತ್ತು ನಿಮಿಷವನ್ನು ಉಳಿಸಲು ಹೋಗಬಾರದೆಂದು ನನ್ನ ಅಭಿಪ್ರಾಯ. ವೈರು ತೆಗೆಯುವಾಗ ವೈರನ್ನೇ ಎಳೆಯದೆ ತುದಿಯ ರಬ್ಬರ್ ಕ್ಯಾಪನ್ನು ಹಿಡಿದು ಅತ್ತಿತ್ತ ತಿರುವಿ ಎತ್ತಬೇಕು. ಇನ್ನೂ ಮುಖ್ಯವಾದದ್ದು, ಒಂದು ಸಲಕ್ಕೆ ಒಂದೇ ವೈರು: ಹಳೆಯದನ್ನು ಬಿಚ್ಚಿ, ಅದರ ಪಕ್ಕದಲ್ಲಿ ಹೊಸದನ್ನು ಹಿಡಿದು ಉದ್ದ ಹೋಲಿಸಿ, ಅದೇ ಜಾಗಕ್ಕೆ ಕೂರಿಸಿದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಬೇಕು. ಈ ಇಂಜಿನ್ನಿನಲ್ಲಿ ಕಿಡಿಯ ಸರದಿ 1–3–2; ಎಲ್ಲವನ್ನೂ ಒಟ್ಟಿಗೆ ಕಿತ್ತಿಟ್ಟು ಆಮೇಲೆ ಅಂದಾಜಿನಲ್ಲಿ ಹಾಕಿದರೆ ಕಾರು ಚಾಲೂ ಆಗುವುದಿಲ್ಲ, ಒಂದು ವೇಳೆ ಆದರೂ ಸೀನುತ್ತ ಕೆಮ್ಮುತ್ತ ಆಗುತ್ತದೆ.

ಬಿಚ್ಚಿದ ಮೂರು ಪ್ಲಗ್ಗುಗಳನ್ನು ಹಳೆಯ ಪತ್ರಿಕೆಯ ಮೇಲೆ 1, 2, 3 ಎಂದು ಬರೆದು ಅದರದರ ಜಾಗದಲ್ಲೇ ಇಟ್ಟೆ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಈ ಪತ್ರಿಕೆಯ ಮುಂದೆ. ಮೊದಲನೆಯದರ ತುದಿ ತಿಳಿ ಕಂದು, ಹುರಿದ ಗೋಧಿಯ ಬಣ್ಣ. ಆ ಸಿಲಿಂಡರಿನಲ್ಲಿ ಉರಿ ಸರಿಯಾಗಿದೆ ಎಂದು ಅರ್ಥ. ಎರಡನೆಯದು ಕಪ್ಪಗೆ, ಒದ್ದೆಯಾಗಿ, ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಕಿಡಿ ವೈರಿನಲ್ಲೇ ಸೋರಿ ಹೋದದ್ದರಿಂದ ಉರಿಯದೆ ಉಳಿದ ಪೆಟ್ರೋಲ್ ಅದು. ಹೀಗೆ ಬಹಳ ಕಾಲ ಬಿಟ್ಟರೆ ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆದು ಹಾಕುತ್ತದೆ, ಹೊಸ ಕಾರುಗಳಲ್ಲಾದರೆ ಸೈಲೆನ್ಸರಿನ ಕಡೆಯಿರುವ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಅದೇ ಹೊತ್ತಿಗೆ ಕಾಫಿ ತಂದ ಅತ್ತೆಯವರು ಎರಡನೆಯ ಪ್ಲಗ್ಗನ್ನು ನೋಡಿ, ‘ಲಾಟೀನಿನ ಬತ್ತಿ ಜಾಸ್ತಿ ಏರಿಸಿದ್ರೆ ಗಾಜಿಗೆ ಹಿಂಗೇ ಮಸಿ ಹಿಡಿಯೋದು’ ಎಂದರು. ಒಣ ಮಸಿಯ ವಿಷಯದಲ್ಲಿ ಅದಕ್ಕಿಂತ ಚೆನ್ನಾದ ವಿವರಣೆ ನನಗೆ ಎಲ್ಲಿಯೂ ಸಿಕ್ಕಿಲ್ಲ: ಉರಿಯುವುದಕ್ಕೆ ಬೇಕಾದ್ದಕ್ಕಿಂತ ಇಂಧನ ಹೆಚ್ಚಾದರೆ, ಅಥವಾ ಚೋಕ್ ಎಳೆದದ್ದನ್ನು ಒಳಗೆ ತಳ್ಳಲು ಮರೆತರೆ, ಪ್ಲಗ್ಗಿಗೆ ಹಿಡಿಯುವುದು ಲಾಟೀನಿನ ಮಸಿಯೇ. ಕಪ್ಪು ಜಿಡ್ಡಾಗಿ, ಆಯಿಲ್ ವಾಸನೆಯಿಂದ ಕೂಡಿದ್ದರೆ ಮಾತ್ರ ಪಿಸ್ಟನ್ ರಿಂಗು, ವಾಲ್ವ್ ಸೀಲುಗಳ ಕಡೆ ನೋಡಬೇಕಾಗುತ್ತದೆ. ನಮ್ಮದರಲ್ಲಿ ಆ ಲಕ್ಷಣ ಯಾವುದರಲ್ಲೂ ಇರಲಿಲ್ಲ.

ಮೂರನೆಯದನ್ನು ಬಿಚ್ಚಲು ಸ್ಪ್ಯಾನರ್ ಇಟ್ಟಾಗ ಅದು ಬಲವೇ ಇಲ್ಲದೆ ತಿರುಗಿಬಿಟ್ಟಿತ್ತು. ಅದನ್ನು ಬಿಗಿ ಮಾಡಿರಲೇ ಇಲ್ಲ, ಬರೀ ಕೈಯಲ್ಲಿ ಕೂರಿಸಿ ಬಿಟ್ಟಿದ್ದರು. ಪ್ಲಗ್ಗಿನ ಕಾವು ಹೆಡ್ಡಿಗೆ ಹರಿಯುವುದು ಮರೆಯ ಮತ್ತು ಬುಡದ ವಾಷರಿನ ಮೂಲಕ. ಅಲ್ಲಿ ಬಿಗಿ ಇಲ್ಲದಿದ್ದರೆ ಕಾವು ಹೋಗಲು ದಾರಿಯಿಲ್ಲ. ಮೂರನೆಯದರ ಪಿಂಗಾಣಿ ಬಿಳುಚಿಕೊಂಡು ಸುಣ್ಣದಂತಾಗಿತ್ತು. ನಾಲ್ಕಾರು ತಿಂಗಳು ಹಾಗೇ ಓಡಿಸಿದ್ದರೆ ಏನಾಗುತ್ತಿತ್ತೋ ಎಂದು ನೆನೆದು ಎದೆ ಝಲ್ ಎಂದಿತು. ಇನ್ನೂ ಒಂದು ಸಂಗತಿ ಗೇಜು ಹಿಡಿದಾಗ ಹೊರಬಿತ್ತು. ಈ ಕಾರಿಗೆ ಹೇಳಿರುವ ಸಂದು 0.7ರಿಂದ 0.8 ಮಿಲಿಮೀಟರ್, ಮೂರರಲ್ಲೂ 1.0ಕ್ಕಿಂತ ಹೆಚ್ಚಿತ್ತು. ಹೊಸ ಪ್ಲಗ್ಗಿನ ನಡುಗಡ್ಡಿಯ ತುದಿ ಕತ್ತರಿಸಿದ ಪೆನ್ಸಿಲಿನ ಹಿಂಬದಿಯಂತೆ ಚೂಪಾದ ಅಂಚಿನಿಂದ ಸಪಾಟಾಗಿರುತ್ತದೆ. ಇವುಗಳ ಅಂಚು ಸವೆದು ಗುಂಡಗಾಗಿತ್ತು, ಪಿಂಗಾಣಿಯ ಮೇಲೆ ತಂತಿ ಬ್ರಶ್ಶಿನ ಗೀರುಗಳಿದ್ದವು. ನಾನು ಹೊಸದೆಂದು ಹಣ ಕೊಟ್ಟ ಪ್ಲಗ್ಗುಗಳು ಹಳೆಯವನ್ನೇ ಉಜ್ಜಿ ಹಾಕಿದವು. ತಂತಿ ಬ್ರಶ್ಶಿನಿಂದ ಉಜ್ಜುವುದು ಹೇಗೂ ಒಳ್ಳೆಯದಲ್ಲ. ಪಿಂಗಾಣಿಗೆ ಲೋಹದ ಪುಡಿ ಹತ್ತಿ ಅದೇ ಸೋರುವ ದಾರಿಯಾಗುತ್ತದೆ.

ಎಲ್ಲ ಕೂಡಿಸಿ ನೋಡಿದಾಗ ಪ್ಲಗ್ಗನ್ನೂ ವೈರನ್ನೂ ಬೇರೆ ಬೇರೆಯಾಗಿ ನೋಡುವುದೇ ತಪ್ಪೆಂದು ನನಗೆ ಅರ್ಥವಾಯಿತು. ಸಂದು ಅಗಲವಾದದ್ದರಿಂದ ಕಿಡಿಗೆ ಹೆಚ್ಚು ವೋಲ್ಟ್ ಬೇಕಾಯಿತು. ಹೆಚ್ಚಿದ ವೋಲ್ಟು ಸವೆದ ಹೊದಿಕೆಯನ್ನು ತೂತು ಮಾಡಿತು. ತೂತಿನಿಂದ ಸೋರಿದ್ದರಿಂದ ಪ್ಲಗ್ ಒದ್ದೆಯಾಯಿತು. ಒದ್ದೆಯಾದ ಪ್ಲಗ್ಗಿನಲ್ಲಿ ಕಿಡಿ ಹಾರುವುದು ಇನ್ನಷ್ಟು ಕಷ್ಟವಾಯಿತು. ಪ್ಲಗ್ ಮಾತ್ರ ಬದಲಾಯಿಸಿದ್ದರೆ ಒಂದು ವಾರ ಚೆನ್ನಾಗಿ ಓಡಿ ಮತ್ತೆ ಮಳೆಗೆ ಕುಂಟುತ್ತಿತ್ತು. ವೈರು ಮಾತ್ರ ಬದಲಾಯಿಸಿದ್ದರೆ ಹೊಸ ವೈರಿನ ಮೇಲೆ ಅದೇ ಭಾರ ಬೀಳುತ್ತಿತ್ತು.

ಹೊಸ ಪ್ಲಗ್ ಡಬ್ಬಿಯಿಂದ ತೆಗೆದ ಕೂಡಲೇ ಹಾಕಬಾರದು; ಸಾಗಣೆಯಲ್ಲಿ ಬಿದ್ದು ಕೊಕ್ಕೆ ಬಾಗಿರಬಹುದು. ನನ್ನ ಮೂರರಲ್ಲಿ ಒಂದು 0.9 ಇತ್ತು. ಕೊಕ್ಕೆಯನ್ನು ಮಾತ್ರ ಮರದ ಮೇಲೆ ಮೆಲ್ಲನೆ ತಟ್ಟಿ, 0.75ರ ಎಲೆ ಬೆಣ್ಣೆಯಲ್ಲಿ ಚಾಕು ಆಡಿದಂತೆ ಸ್ವಲ್ಪವೇ ತಡೆದು ಆಡುವಷ್ಟು ಮಾಡಿಕೊಂಡೆ. ಇರಿಡಿಯಂ ಪ್ಲಗ್ಗಾದರೆ ಹೀಗೆ ತಟ್ಟಲು ಹೋಗಬಾರದು, ಅದರ ಕಡ್ಡಿ ಬಹಳ ಸಣ್ಣ, ಮುರಿಯುತ್ತದೆ. ಪ್ಲಗ್ಗಿನ ತಲೆಯ ಮೇಲಿನ ಚಿಕ್ಕ ನಟ್ಟು ಸಡಿಲವಿದ್ದರೆ ಇಕ್ಕಳದಿಂದ ಬಿಗಿ ಮಾಡಬೇಕು.

ಕೂರಿಸುವುದಕ್ಕೆ ಚಿಕ್ಕಪ್ಪ ಹೇಳಿಕೊಟ್ಟ ಉಪಾಯವನ್ನು ನಾನು ಯಾರಿಗಾದರೂ ಮೊದಲು ಹೇಳುತ್ತೇನೆ. ಗೇಣುದ್ದದ ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್ಗಿನ ಪಿಂಗಾಣಿ ತಲೆಗೆ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸುವುದು. ಮರೆ ನೇರವಾಗಿ ಕೂತರೆ ಪ್ಲಗ್ ಸಲೀಸಾಗಿ ಇಳಿಯುತ್ತದೆ. ಓರೆಯಾಗಿ ಹಿಡಿದರೆ ರಬ್ಬರ್ ಪೈಪು ಜಾರುತ್ತದೆಯೇ ಹೊರತು ಅಲ್ಯೂಮಿನಿಯಂ ಮರೆಯನ್ನು ಕೊರೆಯುವಷ್ಟು ಬಲ ಅದಕ್ಕಿಲ್ಲ. ಎರಡನೆಯ ಪ್ಲಗ್ಗಿನಲ್ಲಿ ನನಗೆ ಅದೇ ಆಯಿತು. ಅರ್ಧ ಸುತ್ತು ಹೋಗಿ ಪೈಪು ಬೆರಳಿನಲ್ಲಿ ಜಾರಿತು. ನಿಲ್ಲಿಸಿ, ಹಿಮ್ಮುಖವಾಗಿ ತಿರುಗಿಸುತ್ತ ಹೋದಾಗ ಮರೆಯ ಬಾಯಿ ಮರೆಗೆ ಸೇರಿದ ಸಣ್ಣ ‘ಟಕ್’ ಬೆರಳಿಗೆ ತಿಳಿಯಿತು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಕೊನೆಯವರೆಗೂ ಬೆಣ್ಣೆಯಂತೆ ಇಳಿಯಿತು. ಸ್ಪ್ಯಾನರಿನಿಂದ ಶುರುಮಾಡಿದ್ದರೆ ಆ ಜಾರುವಿಕೆ ನನಗೆ ತಿಳಿಯುತ್ತಲೇ ಇರಲಿಲ್ಲ. ಕೈಯಲ್ಲಿ ಪೂರ್ತಿ ಕೂತ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಬುಡದ ಹೊಸ ವಾಷರ್ ಅಮುಕಿಕೊಳ್ಳುವುದಕ್ಕೆ ಅಷ್ಟು ಸಾಕು. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚ್ ಇರುವವರಿಗೆ ಅಲ್ಯೂಮಿನಿಯಂ ಹೆಡ್ಡಿನ 14 ಮಿಲಿಮೀಟರ್ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್.

ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ಬಿರುಕೋ ಕರಿ ಗೆರೆಯೋ ಇದೆಯೇ ಎಂದು ನೋಡಿ, ಹಸಿರು ಹಿಡಿದಿದ್ದ ತುದಿಗಳನ್ನು ಒರೆಸಿ, ವೈರುಗಳನ್ನು ‘ಕ್ಲಿಕ್’ ಎನ್ನುವವರೆಗೆ ಒತ್ತಿ, ಹೊಸ ಕ್ಲಿಪ್ಪಿನಲ್ಲಿ ಒಂದೊಂದನ್ನೇ ಕೂರಿಸಿದೆ. ಈಗಿನ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೂ ಇಲ್ಲ, ಉದ್ದ ವೈರುಗಳೂ ಇಲ್ಲ. ಪ್ರತಿ ಪ್ಲಗ್ಗಿನ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಅಲ್ಲಿಯೂ ಪ್ಲಗ್ ಬಿಚ್ಚುವ, ನೋಡುವ, ಕೂರಿಸುವ ಕ್ರಮ ಇದೇ.

ಎಂಟೂವರೆಗೆ ಮಗಳು ಕೀಲಿ ತಿರುಗಿಸಿದಳು. ಮೊದಲ ಸುತ್ತಿಗೇ ಇಂಜಿನ್ ಹಿಡಿದು, ಮೂರೂ ಸಿಲಿಂಡರಿನ ಸದ್ದು ಒಂದರ ಹಿಂದೊಂದು ಸಮವಾಗಿ ಕೇಳಿತು. ಅಂದು ಮಧ್ಯಾಹ್ನ ಮಳೆಯಲ್ಲೇ ದೇವರಾಯನದುರ್ಗಕ್ಕೆ ಹೋದೆವು. ಎರಡನೆಯ ಗೇರಿನಲ್ಲಿ ಒಂದು ಸಲವೂ ತಡವರಿಸದೆ ಕಾರು ಮೇಲೇರಿತು. ಅತ್ತೆಯವರಿಗೆ ಯೋಗನರಸಿಂಹನ ದರ್ಶನವಾಯಿತು.

ಸಾವಿರ ಕಿಲೋಮೀಟರಿನ ಬಳಿಕ ಚಿಕ್ಕಪ್ಪ ಹೇಳಿದಂತೆ ಮತ್ತೊಮ್ಮೆ ಮೂರನ್ನೂ ಬಿಚ್ಚಿ ಅದೇ ರೀತಿ ಪತ್ರಿಕೆಯ ಮೇಲಿಟ್ಟೆ. ಎರಡನೆಯದು ಒಣಗಿ ಕಂದಾಗಿತ್ತು, ಮೂರನೆಯದರ ಬಿಳುಪು ಇರಲಿಲ್ಲ; ಮೂರೂ ಒಂದೇ ಹುರಿದ ಗೋಧಿಯ ಬಣ್ಣ. ಒಮ್ಮೆ ಅಮುಕಿದ ವಾಷರಿಗೆ ಅರ್ಧ ಸುತ್ತು ಬೇಕಿಲ್ಲ, ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟು ಸಾಕು, ಅಷ್ಟೇ ಬಿಗಿ ಮಾಡಿ, ಪುಸ್ತಕದಲ್ಲಿ ಚಿಕ್ಕಪ್ಪನ ಸಾಲುಗಳ ಕೆಳಗೆ ತಾರೀಖು, ಕಿಲೋಮೀಟರ್ ಬರೆದು, ‘ಪ್ಲಗ್ 3, ವೈರು 4, ಕ್ಲಿಪ್ 1 ಬದಲು, ಗ್ಯಾಪ್ 0.75, ಮೂರರದೂ ಬಣ್ಣ ಸಮ’ ಎಂದು ಬರೆದೆ.